ಎಲ್.ಎಂ.ಎಸ್. ಸುಬ್ಬರಾವ್

ನಮ್ಮ ಇಬ್ರಾಹಿಂಪಟ್ನಂ ಹಾಸ್ಟೆಲುಗಳಲ್ಲಿ ಕೊನೆಯ ವರ್ಷದವರ ರೂಮಿಗೆ ಹೋದರೆ ಈಗ ಒಂದೇ ಮಾತು: ಗೇಟ್, ನೆಟ್, ಜೆ.ಆರ್.ಎಫ್., ಶಿಫಾರಸು ಪತ್ರ. 2023ರಲ್ಲಿ ಜೆ.ಆರ್.ಎಫ್. ಮೊತ್ತ ತಿಂಗಳಿಗೆ 37,000 ರೂಪಾಯಿಗೆ ಏರಿದ ಮೇಲಂತೂ ಸಂಶೋಧನೆ ಮಾಡ್ತೀನಿ ಅಂದರೆ ಮನೆಯವರೂ ಅಷ್ಟಾಗಿ ಗಾಬರಿಯಾಗೋದಿಲ್ಲ. ಆದರೆ ಅರ್ಜಿಯಲ್ಲಿ ಡಿಗ್ರಿ, ಕ್ಲಾಸು, ಶೇಕಡಾವಾರು ಅಂಕ ತುಂಬುವ ಆ ಮೂರು ಚೌಕಗಳ ಹತ್ತಿರ ಎಲ್ಲರ ಪೆನ್ನೂ ಒಂದು ಕ್ಷಣ ನಿಲ್ಲುತ್ತದೆ. ನನ್ನದೂ ನಿಂತಿತ್ತು. ಆಗ ನೆನಪಾದವರು ಯಲ್ಲಾಪ್ರಗಡ ಸುಬ್ಬರಾವ್.

ಅವರು ಇಲ್ಲಿಂದ ದೂರದವರೇನಲ್ಲ. ಹುಟ್ಟಿದ್ದು 1895ರ ಜನವರಿ 12ರಂದು, ಗೋದಾವರಿ ಸೀಮೆಯ ಭೀಮಾವರಂನಲ್ಲಿ. ಆ ಗೋದಾವರಿಯ ನೀರು ಈಗ ಕಾಲುವೆ ಹಿಡಿದು ನಮ್ಮ ಫೆರ್ರಿಯ ಹತ್ತಿರ ಕೃಷ್ಣೆಗೆ ಬಂದು ಸೇರುತ್ತದಲ್ಲ, ಆ ಲೆಕ್ಕದಲ್ಲಿ ನೆರೆಯವರೇ ಅನ್ನಿ. ತಂದೆ ರೆವಿನ್ಯೂ ಇಲಾಖೆಯಲ್ಲಿ ಸಣ್ಣ ನೌಕರಿ. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಮೆಟ್ರಿಕ್ ಪಾಸಾದದ್ದು ಮೂರನೆಯ ಸಲಕ್ಕೆ, ಅದೂ ಮದರಾಸಿಗೆ ಹೋಗಿ. ನಮ್ಮ ಅರ್ಜಿಗಳಲ್ಲಿ ಎಷ್ಟನೆಯ ಪ್ರಯತ್ನ ಅಂತ ಕೇಳುವ ಜಾಗ ಇರುತ್ತದೆ ನೋಡಿ, ಅಲ್ಲಿ ಅವರು 3 ಅಂತ ಬರೆಯಬೇಕಾಗುತ್ತಿತ್ತು.

ಮದರಾಸು ಮೆಡಿಕಲ್ ಕಾಲೇಜು ಸೇರಿದರು. ಗಾಂಧೀಜಿಯ ಕರೆ ಕೇಳಿ ಖಾದಿ ಬಟ್ಟೆಯ ಗೌನು ತೊಟ್ಟು ಆಪರೇಷನ್ ಕೋಣೆಗೆ ಹೋದರು. ಶಸ್ತ್ರಚಿಕಿತ್ಸೆಯ ಪ್ರೊಫೆಸರ್ ಬ್ರಾಡ್‌ಫೀಲ್ಡ್ ಅವರಿಗೆ ಅದು ಹಿಡಿಸಲಿಲ್ಲ. ಬರಹದ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದ್ದರೂ ಕೈಗೆ ಬಂದದ್ದು ಎಂ.ಬಿ.ಬಿ.ಎಸ್. ಅಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಒಂದು ಅಂಗಿಯ ಬಟ್ಟೆ ಇಡೀ ಬದುಕಿನ ಬಯೋಡೇಟಾ ಬದಲಿಸಿತು. ಸರ್ಕಾರಿ ವೈದ್ಯ ಸೇವೆಗೆ ಹಾಕಿದ ಅರ್ಜಿ ಫಲಿಸಲಿಲ್ಲ. ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಪಾಠ ಹೇಳುತ್ತ ಕೂತರು. ಈ ನಡುವೆ ಸ್ಪ್ರೂ ಎಂಬ ಕರುಳಿನ ರೋಗ ಅಣ್ಣತಮ್ಮಂದಿರನ್ನು ನುಂಗಿತು, ಇವರನ್ನೂ ಹಿಡಿದು ಹೇಗೋ ಬಿಟ್ಟಿತು. ಔಷಧ ಹುಡುಕಬೇಕು ಎಂಬ ಹಟ ಅಲ್ಲೇ ಬೇರು ಬಿಟ್ಟಿತು ಅಂತ ನನಗನ್ನಿಸುತ್ತದೆ. ನಾವು ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಅಂತ ಎರಡು ಪುಟ ಹೊಸೆಯುತ್ತೇವೆ. ಅವರದು ಮನೆಯ ಸಾವುಗಳಲ್ಲೇ ಬರೆದಿತ್ತು.

1920ರ ದಶಕದ ಮೊದಲಲ್ಲಿ ಹಾರ್ವರ್ಡಿನ ಉಷ್ಣವಲಯ ವೈದ್ಯ ಶಾಲೆಯಲ್ಲಿ ಸೀಟು ಸಿಕ್ಕಿತು, ಸ್ಕಾಲರ್‌ಶಿಪ್ ಸಿಗಲಿಲ್ಲ. ಸೀಟು ಇದೆ, ದುಡ್ಡಿಲ್ಲ ಎಂಬ ಸ್ಥಿತಿ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿಲ್ಲ! ಕಾಕಿನಾಡದ ಮಲ್ಲಾಡಿ ಸತ್ಯಲಿಂಗಂ ನಾಯ್ಕರ್ ಧರ್ಮಸಂಸ್ಥೆಯೂ ಮಾವನವರೂ ಕೈಹಿಡಿದದ್ದರಿಂದ ಹಡಗು ಹತ್ತಿದರು. ಬಾಸ್ಟನ್ನಿನಲ್ಲಿ ಆ ಎಲ್.ಎಂ.ಎಸ್.ಗೆ ವೈದ್ಯನ ಕೆಲಸ ಕೊಡುವವರಿಲ್ಲ. ರಾತ್ರಿ ಹೊತ್ತು ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದು ಹೊಟ್ಟೆ ಹೊರೆದರು. ಇದನ್ನು ಕಥೆಗಾರರು ಬಹಳ ಮೆಚ್ಚಿ ಹೇಳುತ್ತಾರೆ. ನನಗೆ ಅದರಲ್ಲಿ ಮೆಚ್ಚುವಂಥದೇನೂ ಕಾಣೋದಿಲ್ಲ. ಒಂದು ಸ್ಕಾಲರ್‌ಶಿಪ್ ಇದ್ದಿದ್ದರೆ ಆ ರಾತ್ರಿಗಳು ಲ್ಯಾಬಿಗೆ ಸಿಗುತ್ತಿದ್ದವು. ಊರಲ್ಲಿ ಬಿಟ್ಟುಬಂದ ಹೆಂಡತಿ ಶೇಷಗಿರಿ ಅವರಿಗೆ ಹುಟ್ಟಿದ ಗಂಡುಮಗು ಎಳವೆಯಲ್ಲೇ ತೀರಿಕೊಂಡಿತು. ಅಪ್ಪ ಮಗುವಿನ ಮುಖ ನೋಡಲಿಲ್ಲ. ಮತ್ತೆ ಈ ದೇಶಕ್ಕೆ ಬರಲೂ ಇಲ್ಲ. ಆ ತಾಯಿ ಕಳೆದ ವರ್ಷಗಳನ್ನು ಯಾವ ಅರ್ಜಿಯ ಯಾವ ಚೌಕದಲ್ಲಿ ತುಂಬೋದು?

ಮುಂದೆ ಸೈರಸ್ ಫಿಸ್ಕ್ ಅವರ ಜತೆ ಕೆಲಸ. ದೇಹದ್ರವಗಳಲ್ಲಿ ರಂಜಕ ಎಷ್ಟಿದೆ ಅಂತ ಬಣ್ಣದಿಂದ ಅಳೆಯುವ ಫಿಸ್ಕ್-ಸುಬ್ಬರಾವ್ ವಿಧಾನ 1925ರಲ್ಲಿ ಪ್ರಕಟವಾಯಿತು. ಜೀವರಸಾಯನದ ಲ್ಯಾಬುಗಳಲ್ಲಿ ಹುಡುಗರು ಇಂದಿಗೂ ಅದನ್ನು ಕಲಿಯುತ್ತಾರೆ. ಅದರ ಬೆನ್ನಿಗೇ ಸ್ನಾಯುವಿನಲ್ಲಿ ಫಾಸ್ಫೋಕ್ರಿಯೇಟಿನ್, 1929ರಲ್ಲಿ ಎ.ಟಿ.ಪಿ. ಅದೇ ವರ್ಷ ಜರ್ಮನಿಯಲ್ಲಿ ಲೋಹ್ಮನ್ ಕೂಡ ಎ.ಟಿ.ಪಿ.ಯನ್ನು ಕಂಡುಹಿಡಿದರು. 1930ರಲ್ಲಿ ಪಿಎಚ್.ಡಿ. ಬಂತು, ಖಾಯಂ ಹುದ್ದೆ ಮಾತ್ರ ಬರಲಿಲ್ಲ. ಅದೇ ವಿಭಾಗದಲ್ಲಿದ್ದ, ಮುಂದೆ 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್, ಸುಬ್ಬರಾಯರ ಕೆಲವು ಶೋಧಗಳು ಫಿಸ್ಕರ ಅಸೂಯೆಯಿಂದಾಗಿ ಬೆಳಕಿಗೆ ಬರದೆ ಇನ್ನೊಬ್ಬರು ಮತ್ತೆ ಕಂಡುಹಿಡಿಯಬೇಕಾಯಿತು ಎಂದು ನೆನೆದಿದ್ದಾರೆ. ಗೈಡನ್ನು ಆರಿಸುವಾಗ ಇದನ್ನೂ ನೆನಪಿಡಿ.

1940ರಲ್ಲಿ ವಿಶ್ವವಿದ್ಯಾಲಯ ಬಿಟ್ಟು ಲೆಡರ್ಲೆ ಎಂಬ ಔಷಧ ಕಂಪನಿ ಸೇರಿದರು. ಆಮೇಲಿನದು ಎಂಟೇ ವರ್ಷ, ಆದರೆ ಎಂಥ ಎಂಟು ವರ್ಷ! ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಅದನ್ನೇ ತಿರುಚಿ ಮಾಡಿದ ಅಮಿನಾಪ್ಟೆರಿನ್ನನ್ನು ಸಿಡ್ನಿ ಫಾರ್ಬರ್ 1947ರಲ್ಲಿ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟಾಗ, ತಾತ್ಕಾಲಿಕವಾಗಿಯಾದರೂ ರೋಗ ಹಿಮ್ಮೆಟ್ಟಿತು. ಈಗಲೂ ಬಳಕೆಯಲ್ಲಿರುವ ಮೆಥೊಟ್ರೆಕ್ಸೇಟ್ ಅದರ ಹತ್ತಿರದ ಬಂಧು. ಡಗ್ಗರ್ ಅವರ ಆರಿಯೋಮೈಸಿನ್ ಹೊರಬಂದದ್ದೂ ಅವರ ವಿಭಾಗದಿಂದಲೇ. ಆನೆಕಾಲು ರೋಗಕ್ಕೆ ಡಿ.ಇ.ಸಿ. ಬಂದದ್ದೂ ಅಲ್ಲಿಂದಲೇ, ಕರಾವಳಿ ಆಂಧ್ರದಲ್ಲೂ ನಮ್ಮ ಕಲಬುರಗಿ ಕಡೆಯೂ ಆರೋಗ್ಯ ಇಲಾಖೆಯವರು ಮನೆಮನೆಗೆ ತಂದು ಎದುರಿಗೇ ನುಂಗಿಸುತ್ತಿದ್ದ ಮಾತ್ರೆ ಅದು. ನುಂಗಿದವರಲ್ಲಿ ಭೀಮಾವರಂ ಹುಡುಗನ ಹೆಸರು ಕೇಳಿದವರು ಎಷ್ಟು ಮಂದಿಯೋ.

1948ರ ಆಗಸ್ಟಿನಲ್ಲಿ, ನ್ಯೂಯಾರ್ಕಿನಲ್ಲಿ, ನಿದ್ದೆಯಲ್ಲೇ ಹೃದಯ ನಿಂತು ಹೋಯಿತು. ವಯಸ್ಸು 53. ಅಮೆರಿಕದ ಪೌರತ್ವವನ್ನು ಅವರು ಕೊನೆಗೂ ಪಡೆಯಲಿಲ್ಲ. ಒಂದು ಶಿಲೀಂಧ್ರಕ್ಕೆ ಸುಬ್ಬರೋಮೈಸಿಸ್ ಅಂತ ಅವರ ಹೆಸರಿಟ್ಟಿದ್ದಾರೆ. 1995ರಲ್ಲಿ, ನೂರು ವರ್ಷ ತುಂಬಿದಾಗ, ನಮ್ಮ ಅಂಚೆ ಇಲಾಖೆ ಒಂದು ಸ್ಟಾಂಪು ತಂದಿತು.