ವಾಗಣಗೇರಾದ ಪಿಡ್ಡನಾಯಕ

ಸೈನ್ಯದ ಪದವಿಗಳ ಹೆಸರುಗಳು ರಾಜ್ಯಗಳೊಡನೆ ಹುಟ್ಟಿ ರಾಜ್ಯಗಳೊಡನೆಯೇ ಅಳಿಯುವುದು ಲೋಕರೂಢಿ. ಹೊಯ್ಸಳರ ದಂಡನಾಯಕ, ಮೈಸೂರಿನ ದಳವಾಯಿ, ಮೊಗಲರ ಮನ್ಸಬ್‌ದಾರ ಇವರೆಲ್ಲರೂ ಇಂದು ಶಾಸನಗಳಲ್ಲಿಯೂ ಗ್ರಂಥಗಳಲ್ಲಿಯೂ ಮಾತ್ರವೇ ಉಳಿದಿದ್ದಾರೆ. ‘ನಾಯಕ’ ಎಂಬ ಪದವು ಮಾತ್ರ ವಿಜಯನಗರದ ಅಮರನಾಯಕರ ಕಾಲವನ್ನು ದಾಟಿ ಇಂದಿನ ಭಾರತೀಯ ಸೇನೆಯಲ್ಲಿಯೂ ಜೀವಂತವಾಗಿದೆ. ಅಂದು ಅದು ಸೀಮೆಯನ್ನಾಳುವವನ ಬಿರುದು. ಇಂದು ತೋಳಿನ ಮೇಲೆ ಎರಡು ಪಟ್ಟಿಗಳನ್ನು ಧರಿಸಿ ಹವಾಲ್ದಾರನ ಕೆಳಗೆ ನಿಲ್ಲುವ ಯೋಧನ ಹುದ್ದೆ. ಪದವಿಯು ಯಾರಿಂದ ದೊರೆಯುತ್ತದೆ, ಯಾರ ಬಲದಿಂದ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಸುರಪುರದ ಪಿಡ್ಡನಾಯಕನ ಜೀವಿತವು ಕೊಡುವ ಉತ್ತರವನ್ನು ನಮ್ಮ ವಾಚಕರ ಮುಂದಿಡಬಯಸುತ್ತೇವೆ.

ಕೃಷ್ಣಾ ಭೀಮಾ ನದಿಗಳ ನಡುವೆ ಸಗರ, ವಾಗಣಗೇರಾ, ಕಕ್ಕೇರಾಗಳ ಸುತ್ತಣ ಕಲ್ಲುಗುಡ್ಡದ ಸೀಮೆಯು ಬೇಡ ನಾಯಕರದು. ಅಲ್ಲಿ ಸೈನಿಕನೂ ಒಕ್ಕಲಿಗನೂ ಬೇರೆಬೇರೆಯಾಗಿರಲಿಲ್ಲ. ಹೊಲವನ್ನು ಉಂಬಳಿಯಾಗಿ ಉಣ್ಣುವವನೇ ನಾಯಕನ ಕರೆ ಬಂದಾಗ ಕೋವಿ ಹಿಡಿದು ಬರುತ್ತಿದ್ದನು. ಗುರಿಕಾರಿಕೆಯಲ್ಲಿ ಬೇಡರ ಕಾಲಾಳುಗಳು ದಕ್ಷಿಣಾಪಥದಲ್ಲೆಲ್ಲ ಹೆಸರಾಂತವರು. ವಿಜಾಪುರದ ಆದಿಲಶಾಹಿಗೆ ಈ ಪಡೆಯು ನೆರವಾಗಿತ್ತು.

1686ರಲ್ಲಿ ವಿಜಾಪುರವು ಔರಂಗಜೇಬನ ವಶವಾಯಿತು. ಮರುವರ್ಷ ಸಗರವೂ ಬಿದ್ದಿತು. ಮುದಿ ಪಾಮನಾಯಕನು ಪಾದಶಹನ ದರ್ಬಾರಿಗೆ ಹೋಗಿ ತಲೆಬಾಗಿದನು. ಕೆಲವೇ ದಿನಗಳಲ್ಲಿ ತೀರಿಕೊಂಡನು. ಅವನ ಉತ್ತರಾಧಿಕಾರಿಯಾದ ಪಿಡ್ಡನಾಯಕನು ಮೊಗಲರ ಚಾಕರಿಗೆ ಸೇರಿದನು. ಮನ್ಸಬ್ ಎಂಬುದು ಅಕ್ಬರನು ಏರ್ಪಡಿಸಿದ ಪದವಿಕ್ರಮ. ಹತ್ತರಿಂದ ಮೊದಲಾಗಿ ಸಾವಿರಗಳವರೆಗೆ ಅಂಕಿಗಳಿಂದ ಎಣಿಸುವ ಈ ಪದ್ಧತಿಯಲ್ಲಿ ‘ಜಾತ್’ ಎಂಬುದು ಅಧಿಕಾರಿಯ ಅಂತಸ್ತನ್ನೂ ‘ಸವಾರ್’ ಎಂಬುದು ಅವನು ಸಾಕಬೇಕಾದ ಕುದುರೆ ಸವಾರರ ಸಂಖ್ಯೆಯನ್ನೂ ಸೂಚಿಸುತ್ತಿದ್ದವು. ಮನ್ಸಬ್ ವಂಶಪರಂಪರೆಯ ಆಸ್ತಿಯಲ್ಲ. ಪಾದಶಹನ ಒಲವಿನಿಂದ ಏರುವುದು, ಮುನಿಸಿನಿಂದ ಇಳಿಯುವುದು. ಸ್ವತಂತ್ರ ಪಾಳೆಯಗಾರನನ್ನು ಸಂಬಳದ ಸರದಾರನನ್ನಾಗಿ ಮಾಡುವ ಇದಕ್ಕಿಂತ ಜಾಣತನದ ಉಪಾಯವು ಆ ಕಾಲದಲ್ಲಿರಲಿಲ್ಲ.

ಪಿಡ್ಡನಾಯಕನನ್ನು ಈ ಉಪಾಯವು ಬಹುಕಾಲ ಹಿಡಿದಿಡಲಿಲ್ಲ. ರಾಯಚೂರಿನ ಮುತ್ತಿಗೆಯ ಕಾಲದಲ್ಲಿ, ತನ್ನ ಜನರನ್ನು ಕೂಡಿಸಿ ತರುವೆನೆಂದು ವಾರದ ಮಟ್ಟಿಗೆ ಅಪ್ಪಣೆ ಪಡೆದು ವಾಗಣಗೇರಾಕ್ಕೆ ಹೋದವನು ಹಿಂದಿರುಗಲಿಲ್ಲ. ಕೋಟೆಯನ್ನು ಬಲಪಡಿಸಿ, ಕೋವಿಕಾರರನ್ನು ನೆರೆಯಿಸಿ, ಮರಾಠರ ಸ್ನೇಹವನ್ನು ಬೆಳೆಸಿದನು. ದಂಡೆತ್ತಿ ಬಂದವರಿಗೆ ಕೆಲವೊಮ್ಮೆ ಕಾದಿ, ಕೆಲವೊಮ್ಮೆ ಕಪ್ಪ ಒಪ್ಪಿಕೊಂಡು, ಹದಿನೈದು ವರುಷ ತನ್ನ ನೆಲವನ್ನು ಉಳಿಸಿಕೊಂಡನು.

1705ರ ಫೆಬ್ರುವರಿಯಲ್ಲಿ ಎಂಬತ್ತಾರರ ವೃದ್ಧ ಪಾದಶಹನು ತಾನೇ ವಾಗಣಗೇರಾದ ಮುಂದೆ ಬಂದಿಳಿದನು. ಅವನು ಸ್ವತಃ ನಡೆಸಿದ ಮುತ್ತಿಗೆಗಳಲ್ಲಿ ಇದೇ ಕಡೆಯದು. ಮಾರ್ಚಿಯಲ್ಲಿ ಧನಾಜಿ ಜಾಧವನು ಮರಾಠಾ ದಂಡಿನೊಡನೆ ನೆರವಿಗೆ ಬಂದನು. ಪಿಡ್ಡನಾಯಕನು ಸಂಧಿಯ ಮಾತೆತ್ತಿ ಸಹೋದರನನ್ನು ಮೊಗಲರ ಶಿಬಿರಕ್ಕೆ ಕಳುಹಿದನು. ಅವನಿಗೂ ಮನ್ಸಬ್ ದೊರೆಯಿತು. ಅಷ್ಟರಲ್ಲಿ, ನಾಯಕನಿಗೆ ಚಿತ್ತಭ್ರಮಣೆಯಾಗಿ ಅವನು ಮರಾಠರೊಡನೆ ಹೊರಟುಹೋದನೆಂಬ ಸುದ್ದಿ ಹಬ್ಬಿತು. ಸಂಧಿಯ ಮಾತು ಕಾಲಹರಣದ ತಂತ್ರವಾಗಿತ್ತೆಂಬುದು ಮೊಗಲರಿಗೆ ತಿಳಿಯುವ ಹೊತ್ತಿಗೆ ದಿನಗಳು ಕಳೆದಿದ್ದವು. ಕೊನೆಗೆ ಜುಲ್ಫಿಕಾರ್ ಖಾನನನ್ನು ಕರೆಸಬೇಕಾಯಿತು. ಏಪ್ರಿಲ್ 27ರಂದು ಕೋಟೆ ಬಿದ್ದಿತು. ಆದರೆ ಮನೆಗಳಿಗೆ ಬೆಂಕಿಯಿಟ್ಟು ನಾಯಕನೂ ಅವನ ಜನರೂ ರಾತ್ರಿಯಲ್ಲಿ ಪಾರಾಗಿದ್ದರು. ಗೆದ್ದವರ ಕೈಗೆ ಸಿಕ್ಕಿದ್ದು ಸುಟ್ಟ ಗೋಡೆಗಳು.

ಕೊಟ್ಟ ಮಾತಿಗೆ ತಪ್ಪಿದನೆಂಬ ದೋಷವು ಪಿಡ್ಡನಾಯಕನ ಮೇಲಿದೆ. ಅದನ್ನು ಮರೆಮಾಚಿ ಅವನನ್ನು ಕೊಂಡಾಡುವುದು ನಮಗೆ ಸಮ್ಮತವಲ್ಲ. ಆದರೆ ಎರಡು ಮಾತುಗಳು ಪರಸ್ಪರ ವಿರೋಧವಾಗಿ ನಿಂತಾಗ ಯಾವುದನ್ನು ಉಳಿಸಿಕೊಂಡನೆಂಬುದನ್ನೂ ವಿಚಾರಿಸಬೇಕು. ದರ್ಬಾರಿನಲ್ಲಿ ಆಡಿದ ಮಾತು ಅಂಕಿಯ ಪದವಿಗೆ ಸಂಬಂಧಿಸಿದ್ದು. ಉಂಬಳಿಯ ಜನರೊಡನೆ ಇದ್ದ ಕಟ್ಟು ನಾಯಕ ಪದವಿಯ ಮೂಲವೇ ಆಗಿತ್ತು. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಅವನು ಉಳಿಸಿಕೊಂಡನು.

ಪಾದಶಹನು ಸಮೀಪದ ದೇವಾಪುರದಲ್ಲಿ ಬೀಡುಬಿಟ್ಟು ತೀವ್ರವಾದ ಕಾಯಿಲೆಯಲ್ಲಿ ನರಳಿದನು. 1707ರಲ್ಲಿ ಅಹಮದನಗರದಲ್ಲಿ ಮಡಿದನು. ಇದೇ ಮುತ್ತಿಗೆಯಲ್ಲಿ ಹೆಸರು ಪಡೆದು ಐದು ಸಾವಿರದ ಮನ್ಸಬಿಗೆ ಏರಿದ ಚಿನ್ ಕಿಲಿಚ್ ಖಾನನು ಮುಂದೆ ಹೈದರಾಬಾದಿನ ಮೊದಲ ನಿಜಾಮನಾದನು. ಪಿಡ್ಡನಾಯಕನ ಮನೆತನವು ಸುರಪುರವನ್ನು ರಾಜಧಾನಿಯಾಗಿ ಕಟ್ಟಿಕೊಂಡು ಇನ್ನೂ ಒಂದೂವರೆ ಶತಮಾನ ಬಾಳಿತು. 1858ರಲ್ಲಿ ಆಂಗ್ಲರ ವಿರುದ್ಧ ಕತ್ತಿಯೆತ್ತಿ ಪ್ರಾಣವನ್ನು ನೀಗಿದ ರಾಜಾ ವೆಂಕಟಪ್ಪ ನಾಯಕನು ಅದೇ ವಂಶದವನು. ಬಳಿಕ ಆ ಸೀಮೆಯು ನಿಜಾಮನಿಗೆ ಸೇರಿತು.

ಮನ್ಸಬಿನ ಅಂಕಿಗಳೆಲ್ಲವೂ ಕಾಗದದಲ್ಲಿ ಉಳಿದವು. ನಾಯಕನೆಂಬ ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು. ಸರಕಾರವು ಕೊಟ್ಟ ಪದವಿಯನ್ನು ಹೊತ್ತವರೆಲ್ಲರೂ, ತಮ್ಮ ಹಿಂದೆ ಜನರು ನಿಂತಿರುವರೇ ಎಂಬುದನ್ನು ಆಗಾಗ ನೋಡಿಕೊಳ್ಳುವುದು ಒಳ್ಳೆಯದು.