ಟೋಪಿಯ ಬಿಲ್ಲೆಯಲ್ಲಿ ಹುದ್ದೆಯಿತ್ತು, ಹೆಸರಿರಲಿಲ್ಲ: ಎ. ಫಿಲಿಪ್ ರಾಂಡಾಲ್ಫ್ ಜೀವನಗಾಥೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ರೈಲು ನಿಲ್ದಾಣದಲ್ಲಿ ನಿಂತ ಪ್ರಯಾಣಿಕನಿಗೆ ಯಾರು ಯಾವ ಕೆಲಸದವರೆಂದು ಕೇಳುವ ಅಗತ್ಯವಿರಲಿಲ್ಲ. ಸಿಬ್ಬಂದಿಯ ಟೋಪಿಯೇ ಎಲ್ಲವನ್ನೂ ಹೇಳುತ್ತಿತ್ತು. ಸಾಮಾನು ಹೊರುವವರಿಗೆ ಕೆಂಪು ಟೋಪಿ. ಆದ್ದರಿಂದಲೇ ಅವರಿಗೆ 'ರೆಡ್ ಕ್ಯಾಪ್' ಎಂಬ ಹೆಸರು ಬಂದಿತ್ತು. ರೈಲಿನ ಕಂಡಕ್ಟರ್ ಟೋಪಿಯ ಮೇಲೆ ಅವರ ಹುದ್ದೆಯ ಬಿಲ್ಲೆಯಿರುತ್ತಿತ್ತು. ಅದೇ ರೈಲಿಗೆ ಜೋಡಿಸಿದ ಐಷಾರಾಮಿ ಶಯನಬೋಗಿಗಳು ಮಾತ್ರ ಪುಲ್ಮನ್ ಎಂಬ ಬೇರೊಂದು ಕಂಪನಿಗೆ ಸೇರಿದ್ದವು. ಅಲ್ಲಿನ ಕಂಡಕ್ಟರ್ ಟೋಪಿಯಲ್ಲಿ 'ಪುಲ್ಮನ್ ಕಂಡಕ್ಟರ್' ಎಂದೂ, ಬೋಗಿಯ ಬಾಗಿಲಲ್ಲಿ ಪ್ರಯಾಣಿಕರನ್ನು ಬರಮಾಡಿಕೊಳ್ಳುವ ಸೇವಕನ ಟೋಪಿಯಲ್ಲಿ 'ಪುಲ್ಮನ್ ಪೋರ್ಟರ್' ಎಂದೂ ಬರೆದಿರುತ್ತಿತ್ತು.

ಈ ಎರಡು ಬಿಲ್ಲೆಗಳ ನಡುವಿನ ಅಂತರ ಕೇವಲ ಹುದ್ದೆಯದಲ್ಲ, ಬಣ್ಣದ್ದು. ಕಂಡಕ್ಟರ್‌ಗಳು ಬಿಳಿಯರು, ಪೋರ್ಟರ್‌ಗಳು ಬಹುತೇಕ ಎಲ್ಲರೂ ಕಪ್ಪು ಜನಾಂಗದವರು. ಒಂದು ದಿನವೂ ಪುಲ್ಮನ್ ಪೋರ್ಟರ್ ಆಗಿ ಆ ಟೋಪಿಯನ್ನು ಧರಿಸದ ವ್ಯಕ್ತಿಯೊಬ್ಬರು, ಅದನ್ನು ಧರಿಸಿದ ಸಾವಿರಾರು ಮಂದಿಗೆ ಗೌರವ ದೊರಕಿಸಿಕೊಟ್ಟರು. ಅವರೇ ಏಸಾ ಫಿಲಿಪ್ ರಾಂಡಾಲ್ಫ್.

ದರ್ಜಿಯ ಮಗ

ರಾಂಡಾಲ್ಫ್ ಹುಟ್ಟಿದ್ದು 1889ರ ಏಪ್ರಿಲ್ 15ರಂದು, ಫ್ಲಾರಿಡಾ ರಾಜ್ಯದ ಕ್ರೆಸೆಂಟ್ ಸಿಟಿಯಲ್ಲಿ. ತಂದೆ ಜೇಮ್ಸ್ ಕ್ರೈಸ್ತ ಪಾದ್ರಿ. ಬಡ ಭಕ್ತರ ಕಾಣಿಕೆಯಿಂದ ಸಂಸಾರ ಸಾಗದೆ ದರ್ಜಿ ಕೆಲಸವನ್ನೂ ಮಾಡುತ್ತಿದ್ದರು. ತಾಯಿ ಎಲಿಜಬೆತ್ ಕೂಡ ಹೊಲಿಗೆ ಬಲ್ಲವರು. 1891ರಲ್ಲಿ ಕುಟುಂಬ ಜಾಕ್ಸನ್‌ವಿಲ್ ನಗರಕ್ಕೆ ಬಂದಿತು. ಅಲ್ಲಿನ ಕುಕ್‌ಮನ್ ಸಂಸ್ಥೆಯಲ್ಲಿ ಓದಿದ ರಾಂಡಾಲ್ಫ್ 1907ರಲ್ಲಿ ತರಗತಿಗೇ ಮೊದಲಿಗರಾಗಿ ತೇರ್ಗಡೆಯಾದರು. ಆದರೆ ಆ ಕಾಲದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ತರುಣನೊಬ್ಬನ ಪ್ರತಿಭೆಗೆ ತಕ್ಕ ಉದ್ಯೋಗವಿರಲಿಲ್ಲ.

1911ರಲ್ಲಿ ಅವರು ನಟನಾಗುವ ಆಸೆ ಹೊತ್ತು ನ್ಯೂಯಾರ್ಕಿನ ಹಾರ್ಲೆಮ್‌ಗೆ ಬಂದರು. ಹೆತ್ತವರು ಒಪ್ಪದಿದ್ದುದರಿಂದ ರಂಗಭೂಮಿಯ ಕನಸು ಕೈಬಿಟ್ಟಿತು. ಶೇಕ್ಸ್‌ಪಿಯರ್ ಓದಿ ಪಳಗಿಸಿಕೊಂಡ ಗಂಭೀರ ಕಂಠ ಮಾತ್ರ ಜೀವನಪರ್ಯಂತ ಉಳಿಯಿತು. ಹಗಲು ಸಣ್ಣಪುಟ್ಟ ಕೆಲಸ, ಸಂಜೆ ಸಿಟಿ ಕಾಲೇಜಿನ ತರಗತಿ. ಅಲ್ಲಿಯೇ ಸಮಾಜವಾದದ ಪರಿಚಯವಾಯಿತು. ಅನಂತರ ಅವರ ಕೈಹಿಡಿದ ಲುಸಿಲ್ ಗ್ರೀನ್ ಕೇಶಾಲಂಕಾರದ ಅಂಗಡಿ ನಡೆಸುತ್ತಿದ್ದರು. ಮುಂದಿನ ಹೋರಾಟದ ವರ್ಷಗಳಲ್ಲಿ ಮನೆ ನಡೆದದ್ದು ಹೆಚ್ಚಾಗಿ ಆಕೆಯ ದುಡಿಮೆಯಿಂದ.

ಸಮವಸ್ತ್ರದ ಮೊದಲ ಪಾಠ

1917ರಲ್ಲಿ ಹೋಟೆಲ್ ಮಾಣಿಗಳ ಸಂಘವೊಂದು ತನ್ನ ಪತ್ರಿಕೆಯ ಸಂಪಾದಕತ್ವವನ್ನು ರಾಂಡಾಲ್ಫ್ ಹಾಗೂ ಅವರ ಗೆಳೆಯ ಚಾಂಡ್ಲರ್ ಓವೆನ್‌ಗೆ ವಹಿಸಿತು. ಹಿರಿಯ ಮಾಣಿಗಳು ಕೈಕೆಳಗಿನವರಿಗೆ ಸಮವಸ್ತ್ರವನ್ನು ದುಬಾರಿ ಬೆಲೆಗೆ ಮಾರಿ, ಬಟ್ಟೆ ವ್ಯಾಪಾರಿಗಳಿಂದ ದಲ್ಲಾಳಿ ಹಣ ಪಡೆಯುತ್ತಿದ್ದ ಸಂಗತಿ ಇವರ ಗಮನಕ್ಕೆ ಬಂದಿತು. ಅದನ್ನು ಪತ್ರಿಕೆಯಲ್ಲಿ ಬಯಲಿಗೆಳೆದ ಸಂಪಾದಕರಿಗೆ ಕೆಲಸ ಹೋಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಇಬ್ಬರೂ 'ದಿ ಮೆಸೆಂಜರ್' ಎಂಬ ಸ್ವಂತ ಮಾಸಪತ್ರಿಕೆ ಹೊರತಂದರು. ಶಿಸ್ತಿನ ಸಂಕೇತವಾಗಿ ಕಾಣುವ ಸಮವಸ್ತ್ರ ಬಡ ನೌಕರನ ಜೇಬಿಗೆ ಕತ್ತರಿಯೂ ಆಗಬಲ್ಲದೆಂದು ರಾಂಡಾಲ್ಫ್ ಹೀಗೆ ಮೊದಲ ಬಾರಿಗೆ ಕಂಡರು. ಪುಲ್ಮನ್ ಬೋಗಿಗಳಲ್ಲಿ ಅದೇ ಕಥೆ ಇನ್ನೂ ದೊಡ್ಡದಾಗಿ ಕಾದಿತ್ತು.

ಎಲ್ಲರೂ 'ಜಾರ್ಜ್'

ಜಾರ್ಜ್ ಪುಲ್ಮನ್ 1867ರಲ್ಲಿ ಸ್ಥಾಪಿಸಿದ ಕಂಪನಿಯು, ಅಂತರ್ಯುದ್ಧದ ನಂತರ ಗುಲಾಮಗಿರಿಯಿಂದ ಬಿಡುಗಡೆಯಾದವರನ್ನೇ ಆರಿಸಿ ಪೋರ್ಟರ್ ಕೆಲಸಕ್ಕೆ ಸೇರಿಸಿಕೊಂಡಿತು. ಸೇವೆ ಮಾಡಿ ರೂಢಿಯಾದವರು, ಕಡಿಮೆ ಸಂಬಳಕ್ಕೆ ಸಿಗುವವರು ಎಂಬುದು ಅದರ ಲೆಕ್ಕಾಚಾರ. ಗುಲಾಮರನ್ನು ಒಡೆಯನ ಹೆಸರಿನಿಂದ ಕರೆಯುವ ಹಳೆಯ ರೂಢಿ ಇಲ್ಲಿಯೂ ಮುಂದುವರಿದು, ಪ್ರಯಾಣಿಕರು ಪ್ರತಿಯೊಬ್ಬ ಪೋರ್ಟರನ್ನೂ 'ಜಾರ್ಜ್' ಎಂದೇ ಕರೆಯುತ್ತಿದ್ದರು. ಗುಲಾಮಗಿರಿ ಅಳಿಸಿದ ಅಬ್ರಹಾಂ ಲಿಂಕನ್‌ರ ಮಗ ರಾಬರ್ಟ್ ಲಿಂಕನ್ ಪುಲ್ಮನ್ ನಂತರ ಈ ಕಂಪನಿಯ ಅಧ್ಯಕ್ಷರಾದರು. ಅವರ ಕಾಲದಲ್ಲೂ ಈ ರೂಢಿ ಬದಲಾಗಲಿಲ್ಲ. 1914ರಲ್ಲಿ ಇದನ್ನು ವಿರೋಧಿಸುವ ಸಂಘವೊಂದು ಹುಟ್ಟಿದ್ದು ನಿಜ. ಆದರೆ ಅದನ್ನು ಕಟ್ಟಿದವರು ಜಾರ್ಜ್ ಎಂಬ ಹೆಸರಿನ ಬಿಳಿಯರು. ತಮ್ಮ ಹೆಸರು ಸೇವಕರಿಗೆ ಅಂಟಿತೆಂಬುದು ಅವರ ತಕರಾರಾಗಿತ್ತು.

ಪ್ಲಾಟ್‌ಫಾರ್ಮಿನಲ್ಲಿ ಗಾಢ ನೀಲಿ ಕೋಟು, ಬಿಲ್ಲೆಯ ಟೋಪಿ. ಬೋಗಿಯೊಳಗೆ ಹಾಸಿಗೆ ಹಾಸುವಾಗ ಬಿಳಿ ಜಾಕೆಟ್. ನೋಡುವವರ ಕಣ್ಣಿಗೆ ಅದು ಠೀವಿಯ ಉದ್ಯೋಗ. ಕಪ್ಪು ಬಡಾವಣೆಗಳಲ್ಲಿ ಅವರಿಗೆ ಮರ್ಯಾದೆಯೂ ಇತ್ತು. ಆದರೆ 1925ರಲ್ಲಿ ಆರಂಭಿಕ ಸಂಬಳ ತಿಂಗಳಿಗೆ 67.50 ಡಾಲರ್ ಮಾತ್ರ. ಅದಕ್ಕಾಗಿ ಸುಮಾರು 400 ಗಂಟೆ ಅಥವಾ 11,000 ಮೈಲಿಗಳ ದುಡಿಮೆ. ರೈಲು ಹೊರಡುವ ಮುನ್ನ ಬೋಗಿ ಸಜ್ಜುಗೊಳಿಸುವ ತಾಸುಗಳಿಗೆ ಸಂಬಳವಿರಲಿಲ್ಲ. ಊಟದ ಖರ್ಚು ಸ್ವಂತದ್ದು, ಪ್ರಯಾಣಿಕರ ಬೂಟಿಗೆ ಹಚ್ಚುವ ಪಾಲಿಶ್ ಸ್ವಂತದ್ದು. ಹತ್ತು ವರ್ಷ ಸೇವೆ ಪೂರೈಸುವವರೆಗೆ ಸಮವಸ್ತ್ರವನ್ನೂ ಕೈಯಿಂದಲೇ ಕೊಳ್ಳಬೇಕಿತ್ತು. ಸಂಸಾರ ನಡೆಯಬೇಕಾದರೆ ಪ್ರಯಾಣಿಕರ ಭಕ್ಷೀಸೇ ಗತಿ. ಭಕ್ಷೀಸು ಬೇಕಾದರೆ 'ಜಾರ್ಜ್' ಎಂದಾಗ ನಗುಮುಖದಿಂದ ಓಗೊಡಲೇಬೇಕು. ಕೆಲವು ಮಾರ್ಗಗಳಲ್ಲಿ ಪೋರ್ಟರ್‌ಗಳೇ ಕಂಡಕ್ಟರ್ ಕೆಲಸವನ್ನೂ ನಿಭಾಯಿಸುತ್ತಿದ್ದರು. ಅದಕ್ಕೆ ಅಲ್ಪ ಮೊತ್ತ ಹೆಚ್ಚುವರಿಯಾಗಿ ಸಿಗುತ್ತಿತ್ತೇ ಹೊರತು ಹುದ್ದೆ ಸಿಗುತ್ತಿರಲಿಲ್ಲ.

ಹನ್ನೆರಡು ವರ್ಷಗಳ ಹೋರಾಟ

ಸಂಘ ಕಟ್ಟಲು ಮುಂದಾದ ಪೋರ್ಟರ್‌ಗಳನ್ನು ಕಂಪನಿ ಕೂಡಲೇ ವಜಾ ಮಾಡುತ್ತಿತ್ತು. ಹೀಗಾಗಿ ಕಂಪನಿಯ ಸಂಬಳಕ್ಕೆ ಒಳಪಡದ ನಾಯಕನನ್ನು ಅವರು ಹುಡುಕುತ್ತಿದ್ದರು. ಆಶ್ಲಿ ಟಾಟನ್ ಎಂಬ ಪೋರ್ಟರ್ ರಾಂಡಾಲ್ಫ್‌ರನ್ನು ಸಂಪರ್ಕಿಸಿದರು. 1925ರ ಆಗಸ್ಟ್ 25ರ ರಾತ್ರಿ ಹಾರ್ಲೆಮ್‌ನ ಸಭಾಂಗಣವೊಂದರಲ್ಲಿ ಸುಮಾರು 500 ಮಂದಿ ಸೇರಿದರು. ಕಂಪನಿಯ ಗೂಢಚಾರರು ಇರಬಹುದೆಂಬ ಕಾರಣಕ್ಕೆ, ಪೋರ್ಟರ್‌ಗಳು ಬಾಯಿ ತೆರೆಯುವ ಅಗತ್ಯವೇ ಬಾರದಂತೆ ಇಡೀ ಸಭೆಯನ್ನು ರಾಂಡಾಲ್ಫ್ ತಾವೇ ನಡೆಸಿಕೊಟ್ಟರು. 'ಬ್ರದರ್‌ಹುಡ್ ಆಫ್ ಸ್ಲೀಪಿಂಗ್ ಕಾರ್ ಪೋರ್ಟರ್ಸ್' ಜನಿಸಿದ್ದು ಹೀಗೆ. ಸಂಬಳ, ಗಂಟೆಗಳ ಜೊತೆಗೆ ಗೌರವವೂ ಸಂಘದ ಬೇಡಿಕೆಯಾಗಿತ್ತು. 1926ರಲ್ಲಿ ಕಂಪನಿಯು ಪೋರ್ಟರ್‌ನ ನಿಜವಾದ ಹೆಸರಿನ ಫಲಕವನ್ನು ಬೋಗಿಯೊಳಗೆ ತೂಗುಹಾಕಲು ಆರಂಭಿಸಿತು. ಪ್ರಯಾಣಿಕರ ನಾಲಿಗೆಯಿಂದ 'ಜಾರ್ಜ್' ಅಳಿಯಲು ಮಾತ್ರ ಇನ್ನೂ ಬಹುಕಾಲ ಹಿಡಿಯಿತು.

ಗೆಲುವು ಸುಲಭದ್ದಾಗಿರಲಿಲ್ಲ. ಸದಸ್ಯರು ಸಾಲುಸಾಲಾಗಿ ಕೆಲಸ ಕಳೆದುಕೊಂಡರು. ಕಂಪನಿ ತನ್ನದೇ ಸಂಘವನ್ನು ಎದುರು ನಿಲ್ಲಿಸಿತು. 1928ರಲ್ಲಿ ಘೋಷಿಸಿದ್ದ ಮುಷ್ಕರವನ್ನು ಕೊನೆಯ ಗಳಿಗೆಯಲ್ಲಿ ಕೈಬಿಡಬೇಕಾಗಿ ಬಂದು ರಾಂಡಾಲ್ಫ್ ತಮ್ಮವರಿಂದಲೇ ಟೀಕೆಗೊಳಗಾದರು. 'ಮೆಸೆಂಜರ್' ನಿಂತುಹೋಯಿತು. ಬೆನ್ನಲ್ಲೇ ಆರ್ಥಿಕ ಮಹಾಕುಸಿತ ಬಂದೆರಗಿ, ಸಾವಿರಗಳಲ್ಲಿದ್ದ ಸದಸ್ಯಬಲ 1933ರ ವೇಳೆಗೆ ಏಳುನೂರಕ್ಕೂ ಕೆಳಗಿಳಿಯಿತು. ಆ ದಿನಗಳಲ್ಲಿ ವಾಷಿಂಗ್ಟನ್‌ನ ರೊಸಿನಾ ಟಕರ್ ಅವರಂತಹ ಪೋರ್ಟರ್‌ಗಳ ಪತ್ನಿಯರು ಮನೆಮನೆಗೆ ಹೋಗಿ ಗುಟ್ಟಾಗಿ ಚಂದಾ ಸಂಗ್ರಹಿಸಿ ಸಂಘವನ್ನು ಉಳಿಸಿದರು.

1934ರಲ್ಲಿ ರೈಲ್ವೆ ಕಾರ್ಮಿಕ ಕಾಯ್ದೆಗೆ ಆದ ತಿದ್ದುಪಡಿಯು ಶಯನಬೋಗಿ ನೌಕರರಿಗೂ ತಮ್ಮ ಸಂಘವನ್ನು ತಾವೇ ಆರಿಸಿಕೊಳ್ಳುವ ಹಕ್ಕು ನೀಡಿತು. 1935ರ ಮತದಾನದಲ್ಲಿ ರಾಂಡಾಲ್ಫ್‌ರ ಸಂಘ ಭಾರೀ ಬಹುಮತ ಗಳಿಸಿತು. 1937ರ ಆಗಸ್ಟ್ 25ರಂದು, ಹಾರ್ಲೆಮ್ ಸಭೆಗೆ ಸರಿಯಾಗಿ ಹನ್ನೆರಡು ವರ್ಷ ತುಂಬಿದ ದಿನ, ಪುಲ್ಮನ್ ಕಂಪನಿ ಒಪ್ಪಂದಕ್ಕೆ ಸಹಿ ಹಾಕಿತು. ತಿಂಗಳ ದುಡಿಮೆ 240 ಗಂಟೆಗೆ ಇಳಿಯಿತು, ಸಂಬಳ ಏರಿತು. ದೊಡ್ಡ ಕಂಪನಿಯೊಂದು ಕಪ್ಪು ಕಾರ್ಮಿಕರ ಸಂಘದೊಡನೆ ಇಂತಹ ಒಪ್ಪಂದಕ್ಕೆ ಬಂದದ್ದು ಅಮೆರಿಕದಲ್ಲಿ ಅದೇ ಮೊದಲು.

ಬೋಗಿಯಿಂದ ರಾಜಧಾನಿಗೆ

ಪೋರ್ಟರ್‌ಗಳಿಂದ ಕಲಿತ ಸಂಘಟನೆಯನ್ನು ರಾಂಡಾಲ್ಫ್ ಅಲ್ಲಿಗೇ ನಿಲ್ಲಿಸಲಿಲ್ಲ. 1941ರಲ್ಲಿ ರಕ್ಷಣಾ ಕಾರ್ಖಾನೆಗಳು ಕಪ್ಪು ಜನರಿಗೆ ಬಾಗಿಲು ಮುಚ್ಚಿದಾಗ, ರಾಜಧಾನಿಗೆ ಬೃಹತ್ ಜಾಥಾ ತರುವುದಾಗಿ ಎಚ್ಚರಿಸಿದರು. ಅಧ್ಯಕ್ಷ ರೂಸ್‌ವೆಲ್ಟ್ ಮಣಿದು, ಜೂನ್ 25ರಂದು ಆ ಉದ್ಯಮಗಳಲ್ಲಿ ವರ್ಣಭೇದವನ್ನು ನಿಷೇಧಿಸುವ ಆದೇಶ ಹೊರಡಿಸಿದರು. ಗಾಂಧೀಜಿಯವರ ಸತ್ಯಾಗ್ರಹದಿಂದ ಪ್ರೇರಿತರಾದ ರಾಂಡಾಲ್ಫ್, ಅಹಿಂಸಾತ್ಮಕ ಅಸಹಕಾರವನ್ನು ತಮ್ಮ ನೆಲದಲ್ಲೂ ಪ್ರಯೋಗಿಸಲು ಬಯಸಿದರು. 1948ರಲ್ಲಿ ಅವರ ಒತ್ತಡದ ನಡುವೆ ಅಧ್ಯಕ್ಷ ಟ್ರೂಮನ್ ಸೇನೆಯಲ್ಲಿನ ವರ್ಣಭೇದವನ್ನು ಅಂತ್ಯಗೊಳಿಸುವ ಆದೇಶಕ್ಕೆ ಸಹಿ ಹಾಕಿದರು. 1955ರಲ್ಲಿ ರೋಸಾ ಪಾರ್ಕ್ಸ್ ಬಂಧನವಾದಾಗ ಜಾಮೀನಿಗೆ ಓಡಿದ, ಮಾಂಟ್‌ಗೊಮರಿ ಬಸ್ ಬಹಿಷ್ಕಾರಕ್ಕೆ ಚಾಲನೆ ಕೊಟ್ಟ ಇ.ಡಿ. ನಿಕ್ಸನ್ ಪುಲ್ಮನ್ ಪೋರ್ಟರ್ ಆಗಿದ್ದವರು; ರಾಂಡಾಲ್ಫ್‌ರ ಸಂಘದಲ್ಲಿ ಪಳಗಿದವರು.

1963ರ ಏಪ್ರಿಲ್‌ನಲ್ಲಿ ಪತ್ನಿ ಲುಸಿಲ್ ತೀರಿಕೊಂಡರು. ನಾಲ್ಕು ತಿಂಗಳ ಬಳಿಕ, ಆಗಸ್ಟ್ 28ರಂದು, ಎರಡು ಲಕ್ಷಕ್ಕೂ ಹೆಚ್ಚು ಜನ ವಾಷಿಂಗ್ಟನ್‌ನಲ್ಲಿ ನೆರೆದರು. ಮಾರ್ಟಿನ್ ಲೂಥರ್ ಕಿಂಗ್‌ರ ಭಾಷಣದಿಂದ ಜಗತ್ತಿಗೆಲ್ಲ ಪರಿಚಿತವಾದ ಆ ಜಾಥಾದ ಮುಖ್ಯಸ್ಥರು 74ರ ಹರೆಯದ ರಾಂಡಾಲ್ಫ್. ಮರುವರ್ಷ ದೇಶದ ಅತ್ಯುನ್ನತ ನಾಗರಿಕ ಗೌರವ ಅವರಿಗೆ ಸಂದಿತು.

1968ರಲ್ಲಿ ಅವರು ಸಂಘದ ಅಧ್ಯಕ್ಷ ಸ್ಥಾನದಿಂದ ನಿವೃತ್ತರಾದರು. ವಿಮಾನ ಮತ್ತು ಮೋಟಾರುಗಳ ಪೈಪೋಟಿಗೆ ಸೋತ ಪುಲ್ಮನ್ ಕಂಪನಿ ಅದೇ ವರ್ಷಾಂತ್ಯದಲ್ಲಿ ಶಯನಬೋಗಿ ಸೇವೆ ನಿಲ್ಲಿಸಿತು. 1978ರಲ್ಲಿ ಸಂಘವೂ ರೈಲ್ವೆ ಗುಮಾಸ್ತರ ಸಂಘದಲ್ಲಿ ವಿಲೀನವಾಯಿತು. ಮರುವರ್ಷ, 1979ರ ಮೇ 16ರಂದು, ರಾಂಡಾಲ್ಫ್ ನ್ಯೂಯಾರ್ಕಿನಲ್ಲಿ ನಿಧನರಾದರು. ಶಿಕಾಗೋದ ಪುಲ್ಮನ್ ಬಡಾವಣೆಯಲ್ಲಿ 1995ರಲ್ಲಿ ತೆರೆದ ಪೋರ್ಟರ್‌ಗಳ ವಸ್ತುಸಂಗ್ರಹಾಲಯಕ್ಕೆ ರಾಂಡಾಲ್ಫ್‌ರ ಹೆಸರನ್ನಿಡಲಾಯಿತು. ಕಂಪನಿಯ ಕಟ್ಟಡಗಳಿದ್ದ ಆ ಪ್ರದೇಶವನ್ನು ಅಧ್ಯಕ್ಷ ಒಬಾಮಾ 2015ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಪುಲ್ಮನ್ ಎಂಬ ಒಡೆಯನ ಹೆಸರು ಹೊತ್ತ ಊರಿನಲ್ಲಿ ಇಂದು ನೌಕರರ ಪರವಾಗಿ ನಿಂತವನ ಹೆಸರೂ ಇದೆ.