ಬೆಂಗಳೂರು ನಾಗರತ್ನಮ್ಮ

ಕಲೆಯು ಯಾವಾಗಲೂ ಹಳೆಯ ಜಾಡಿನಲ್ಲಿಯೇ ಸಾಗುವುದಿಲ್ಲ. ಒಮ್ಮೊಮ್ಮೆ ಒಬ್ಬ ಕವಿ ಅಥವಾ ಕಲಾವಿದೆ ಅದುವರೆಗೆ ಯಾರೂ ತುಳಿಯದ ಹಾದಿಯನ್ನು ಹಿಡಿಯುವುದುಂಟು. ಆಗ ಮೆಚ್ಚುವವರಿಗಿಂತ ಮುನಿಯುವವರೇ ಹೆಚ್ಚು. ಆ ಮುನಿಸು ನ್ಯಾಯಸ್ಥಾನದ ಬಾಗಿಲನ್ನು ತಟ್ಟಿದರೆ ಕೃತಿಯ ಪರವಾಗಿ ನಿಲ್ಲುವವರು ಯಾರು? ತನಗಿಂತ ನೂರೈವತ್ತು ವರ್ಷ ಹಿಂದೆ ಬಾಳಿದ ಕವಯಿತ್ರಿಯೊಬ್ಬಳ ಪರವಾಗಿ ಹಾಗೆ ನಿಂತವರು ಕನ್ನಡ ನಾಡಿನ ಸಂಗೀತ ವಿದುಷಿ ಬೆಂಗಳೂರು ನಾಗರತ್ನಮ್ಮನವರು.

ನಾಗರತ್ನಮ್ಮನವರು 1878ರ ನವೆಂಬರ್ 3ರಂದು ಕಪಿಲಾ ನದಿಯ ದಡದಲ್ಲಿರುವ ನಂಜನಗೂಡಿನಲ್ಲಿ ಜನಿಸಿದರು. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಮನೆತನಕ್ಕೆ ಸೇರಿದವರು. ದೇವಾಲಯಗಳಲ್ಲಿಯೂ ಅರಮನೆಗಳಲ್ಲಿಯೂ ಹಾಡಿ ನರ್ತಿಸುತ್ತಿದ್ದ ಈ ಮನೆತನದ ಸ್ತ್ರೀಯರಿಗೆ ಓದುಬರಹ ಬಲ್ಲ ಭಾಗ್ಯವಿತ್ತಾದರೂ ಸಮಾಜದಲ್ಲಿ ಗೌರವದ ಸ್ಥಾನವಿರಲಿಲ್ಲ. ತಂದೆಯ ಆಸರೆ ಬೇಗನೆ ತಪ್ಪಿತು. ಆದರೂ ಪುಟ್ಟಲಕ್ಷ್ಮಮ್ಮ ಧೈರ್ಯಗೆಡದೆ ಮಗಳನ್ನು ಮೈಸೂರಿಗೆ ಕರೆತಂದು ವಿದ್ಯಾಭ್ಯಾಸಕ್ಕೆ ತೊಡಗಿಸಿದರು.

ಆಗಿನ ಮೈಸೂರು ವಿದ್ವಾಂಸರ ತವರು. ಅಲ್ಲಿ ಗಿರಿಭಟ್ಟರ ತಿಮ್ಮಯ್ಯನವರೆಂಬ ಪಂಡಿತರ ಬಳಿ ಬಾಲಕಿಗೆ ಸಂಸ್ಕೃತ ಪಾಠವಾಯಿತು. ಮುಂದೆ ಗುರುಗಳೊಡನೆ ವಿರಸವುಂಟಾಗಿ ತಾಯಿ ಮಗಳು ಮೈಸೂರನ್ನು ಬಿಡಬೇಕಾಯಿತು. ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರು ಆಕೆಗೆ ತ್ಯಾಗರಾಜರ ಶಿಷ್ಯಪರಂಪರೆಯ ಸಂಗೀತವನ್ನು ಧಾರೆಯೆರೆದರು. ಕನ್ನಡ, ತೆಲುಗು, ಸಂಸ್ಕೃತಗಳಲ್ಲಿ ಪರಿಶ್ರಮವಿದ್ದ ಈ ಯುವತಿಯ ಹಾಡುಗಾರಿಕೆ ಬೇಗನೆ ಹೆಸರುವಾಸಿಯಾಯಿತು. ಮೈಸೂರಿನ ಅರಮನೆಯಲ್ಲಿಯೂ ಆಕೆಗೆ ಮನ್ನಣೆ ದೊರೆಯಿತು. ಅನಂತರ ಮದರಾಸಿನಲ್ಲಿ ನೆಲೆಸಿ, ಹೆಸರಿನೊಡನೆ ಬೆಂಗಳೂರನ್ನು ಉಳಿಸಿಕೊಂಡೇ ಅವರು ದಕ್ಷಿಣ ಭಾರತದಲ್ಲೆಲ್ಲ ಪ್ರಸಿದ್ಧರಾದರು.

ನಾಗರತ್ನಮ್ಮನವರಿಗೆ ಸಂಗೀತದಷ್ಟೇ ಕಾವ್ಯವೂ ಪ್ರಿಯ. ಒಮ್ಮೆ ಅವರ ಕೈಗೆ 'ರಾಧಿಕಾ ಸಾಂತ್ವನಮು' ಎಂಬ ತೆಲುಗು ಕಾವ್ಯ ಬಂದಿತು. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಅದನ್ನು ರಚಿಸಿದವಳು. ರಾಧಾಕೃಷ್ಣರ ಪ್ರೇಮವನ್ನು ಕುರಿತು ಬರೆದ ಕವಿಗಳು ಹಲವರು. ಆದರೆ ರಾಧೆಯ ಮುನಿಸು, ಬಯಕೆ, ಬೇಗುದಿಗಳನ್ನು ಹೆಣ್ಣಿನ ದೃಷ್ಟಿಯಿಂದಲೇ ಸಂಕೋಚವಿಲ್ಲದೆ ಹೇಳಿದುದು ಈ ಕಾವ್ಯದ ಹೊಸತನ. ದೊರೆತ ಅಚ್ಚಿನ ಪ್ರತಿಯಲ್ಲಿ ಹಲವು ಪದ್ಯಗಳನ್ನೂ ಕವಯಿತ್ರಿಯ ಪೀಠಿಕೆಯನ್ನೂ ಕೈಬಿಡಲಾಗಿತ್ತು. ಇದನ್ನು ಕಂಡ ನಾಗರತ್ನಮ್ಮನವರು ಹಸ್ತಪ್ರತಿಯನ್ನು ದೊರಕಿಸಿಕೊಂಡು, ಪಾಠಗಳನ್ನು ಒಂದಕ್ಕೊಂದು ಹೋಲಿಸಿ ನೋಡಿ, ಸಂಪೂರ್ಣ ಕಾವ್ಯವನ್ನು ಸಿದ್ಧಪಡಿಸಿದರು. 1910ರಲ್ಲಿ ಮದರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಸಂಸ್ಥೆಯು ಅದನ್ನು ಪ್ರಕಟಿಸಿತು.

ಆ ಕಾಲದ ತೆಲುಗು ಸಾಹಿತ್ಯದಲ್ಲಿ ಕಂದುಕೂರಿ ವೀರೇಶಲಿಂಗಂ ಪಂತುಲು ಅವರ ಮಾತಿಗೆ ಎದುರಿರಲಿಲ್ಲ. ವಿಧವೆಯರ ಪುನರ್ವಿವಾಹಕ್ಕಾಗಿ ದುಡಿದ ಆ ಮಹನೀಯರು, ಮುದ್ದುಪಳನಿಯ ಕಾವ್ಯವು ಸ್ತ್ರೀಯ ಬಾಯಲ್ಲಿ ಬರತಕ್ಕದ್ದಲ್ಲವೆಂದು ಹಿಂದೆಯೇ ಖಂಡಿಸಿದ್ದರು. ನಾಗರತ್ನಮ್ಮನವರು ತಮ್ಮ ಪೀಠಿಕೆಯಲ್ಲಿ ಇದಕ್ಕೆ ಅಂಜದೆ ಉತ್ತರಕೊಟ್ಟರು. ಪುರುಷರು ಬರೆದ ಶೃಂಗಾರಕಾವ್ಯಗಳನ್ನು ಪಂಡಿತರು ಓದುತ್ತಾರೆ, ಪಠ್ಯವಾಗಿಯೂ ಇಡುತ್ತಾರೆ. ಅದೇ ರಸವು ಸ್ತ್ರೀಯ ಲೇಖನಿಯಿಂದ ಹರಿದರೆ ಮಾತ್ರ ಅದು ನಾಚಿಕೆಗೇಡಾಗುವುದು ಹೇಗೆ? ಇದು ಅವರ ವಾದದ ಸಾರ.

ಪುಸ್ತಕ ಹೊರಬಂದೊಡನೆ ಪತ್ರಿಕೆಗಳಲ್ಲಿ ಟೀಕೆ ಎದ್ದಿತು. ಸರ್ಕಾರದ ಭಾಷಾಂತರಕಾರರು ಕಾವ್ಯದ ಕೆಲವು ಭಾಗಗಳು ಅಶ್ಲೀಲವೆಂದು ವರದಿಮಾಡಿದರು. 1911ರಲ್ಲಿ ಪೋಲೀಸರು ಪುಸ್ತಕದ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಂಡರು. ದಂಡಸಂಹಿತೆಯ ಆಪಾದನೆಯು ಪ್ರಕಾಶಕರ ತಲೆಯ ಮೇಲೆ ಬಂದಿತು. ಕವಯಿತ್ರಿಯಂತೂ ಎಂದೋ ಕಾಲವಾಗಿದ್ದಳು. ತನ್ನ ಪರವಾಗಿ ಮಾತನಾಡಲು ಅವಳಿರಲಿಲ್ಲ.

ಆಗ ಪ್ರಕಾಶಕರು ಕೈಕಟ್ಟಿ ಕೂಡಲಿಲ್ಲ. ಸಾಹಿತ್ಯಪ್ರಿಯರ ನೆರವನ್ನು ಕೋರಿದರು. ಅನೇಕ ಪಂಡಿತರು ಅವರ ಬೆಂಬಲಕ್ಕೆ ಬಂದು ಸರ್ಕಾರಕ್ಕೆ ಮನವಿಗಳನ್ನು ಸಲ್ಲಿಸಿದರು. ಇದೇ ಅಳತೆಗೋಲನ್ನು ಹಿಡಿದರೆ ಸಂಸ್ಕೃತದ ಮತ್ತು ತೆಲುಗಿನ ಎಷ್ಟೋ ಪ್ರಾಚೀನ ಕಾವ್ಯಗಳನ್ನು ಸುಡಬೇಕಾದೀತೆಂಬುದು ಅವರ ತರ್ಕ. ಮನವಿಗೆ ಸಹಿಹಾಕಿದವರೆಲ್ಲರೂ ಆ ಕಾವ್ಯದ ಪ್ರತಿಯೊಂದು ಪದ್ಯವನ್ನೂ ಮೆಚ್ಚಿದವರೇ ಆಗಿರಬೇಕಾಗಿರಲಿಲ್ಲ. ಪ್ರಾಚೀನ ಕಾವ್ಯದ ಗುಣದೋಷಗಳನ್ನು ಸಹೃದಯರು ವಿಚಾರಿಸಬೇಕೇ ಹೊರತು ಪೋಲೀಸಿನವರಲ್ಲವೆಂದು ಒಪ್ಪಿದರೆ ಸಾಕಾಗಿತ್ತು. ಆದರೆ ಸರ್ಕಾರ ಮಣಿಯಲಿಲ್ಲ. ಕಾವ್ಯವು ನಿಷೇಧಕ್ಕೊಳಗಾಯಿತು.

ಈ ಸೋಲಿನಿಂದ ನಾಗರತ್ನಮ್ಮನವರು ಕುಗ್ಗಲಿಲ್ಲ. ಅವರ ಮುಂದಿನ ಬಾಳು ಇನ್ನೊಂದು ಹೋರಾಟಕ್ಕೆ ಮೀಸಲಾಯಿತು. ಕಾವೇರಿ ತೀರದ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಯು ಪಾಳುಬಿದ್ದಿದ್ದುದನ್ನು ತಿಳಿದು, ತಮ್ಮ ಗಳಿಕೆಯನ್ನು ಸುರಿದು ಅಲ್ಲಿ ಗುಡಿಯನ್ನು ಕಟ್ಟಿಸಿದರು. 1925ರಲ್ಲಿ ಅದರ ಪ್ರತಿಷ್ಠೆ ನಡೆಯಿತು. ಆದರೆ ಅಲ್ಲಿನ ಆರಾಧನೋತ್ಸವದಲ್ಲಿ ಸ್ತ್ರೀಯರು ಹಾಡುವಂತಿರಲಿಲ್ಲ. ಗುಡಿ ಕಟ್ಟಿಸಿದವರಿಗೇ ಹಾಡುವ ಹಕ್ಕಿಲ್ಲ! ಈ ಸಲ ಅವರು ತಮ್ಮಂತಹ ಕಲಾವಿದೆಯರನ್ನೇ ಒಗ್ಗೂಡಿಸಿದರು. 1927ರಿಂದ ಸ್ತ್ರೀಯರ ತಂಡವು ಬೇರೆಯಾಗಿಯೇ ಆರಾಧನೆಯನ್ನು ನಡೆಸತೊಡಗಿತು. ಪುರುಷರ ಎರಡು ಪಂಗಡಗಳೂ ಸ್ತ್ರೀಯರ ತಂಡವೂ 1940ರ ಸುಮಾರಿಗೆ ಒಂದಾದವು. ಅಂದಿನಿಂದ ಆ ಉತ್ಸವದಲ್ಲಿ ಸ್ತ್ರೀಯರ ಕಂಠವೂ ಸೇರಿತು.

ನಿಷೇಧಿತ ಕಾವ್ಯದ ಕಥೆಯೂ ಅಲ್ಲಿಗೇ ಮುಗಿಯಲಿಲ್ಲ. ಸ್ವಾತಂತ್ರ್ಯದ ಹೊಸ್ತಿಲಿನಲ್ಲಿ, ಟಂಗುಟೂರಿ ಪ್ರಕಾಶಂ ಪಂತುಲು ಅವರು ಮದರಾಸು ಪ್ರಾಂತದ ಆಡಳಿತವನ್ನು ವಹಿಸಿಕೊಂಡಿದ್ದಾಗ, ನಿಷೇಧವನ್ನು ತೆಗೆದುಹಾಕಲಾಯಿತು. ಮುಟ್ಟುಗೋಲಾಗಿ ಮೂವತ್ತೈದು ವರ್ಷಗಳೇ ಕಳೆದಿದ್ದವು. ನಾಗರತ್ನಮ್ಮನವರ ಪೀಠಿಕೆಯೊಡನೆ ಕಾವ್ಯವು 1952ರಲ್ಲಿ ಮತ್ತೆ ಅಚ್ಚಾಯಿತು. ಅದೇ ವರ್ಷ ಮೇ 19ರಂದು ಆ ವಿದುಷಿ ಇಹಲೋಕವನ್ನು ತ್ಯಜಿಸಿದರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಯ ಸನಿಹದಲ್ಲಿಯೇ ಅವರ ಸ್ಮಾರಕವಿದೆ.

ಆಸರೆಯಿಲ್ಲದ ಬಾಲಕಿಯಾಗಿ ಮೈಸೂರಿನಲ್ಲಿ ಅಕ್ಷರ ಕಲಿತ ನಾಗರತ್ನಮ್ಮನವರು ಆ ವಿದ್ಯೆಯನ್ನು ತಮ್ಮ ಕೀರ್ತಿಗಾಗಿ ಮಾತ್ರ ಬಳಸಲಿಲ್ಲ. ಮಾತು ಕಳೆದುಕೊಂಡಿದ್ದ ಇನ್ನೊಬ್ಬ ಸ್ತ್ರೀಗೆ ಅದರಿಂದ ಮಾತು ಕೊಟ್ಟರು. ಅಂದು ಪಂಡಿತರು ಬರೆದ ಮನವಿಗಳು ತಿರಸ್ಕೃತವಾದುವು ನಿಜ. ಆದರೆ ಆ ಕಾವ್ಯವು ಉಳಿಯತಕ್ಕದ್ದೆಂದು ನಂಬಿದವರು ಕೆಲವರಾದರೂ ಇದ್ದುದರಿಂದಲೇ, ಕಾಲ ಕೂಡಿಬಂದಾಗ ಮತ್ತೆ ಅಚ್ಚುಮಾಡಲು ಅದು ಉಳಿದಿತ್ತು.